ಸೋಲಲು ಒಬ್ಬಳು ಬೇಕು

ಮೈದಾನದ ಬಾಗಿಲಲ್ಲಿದ್ದ ರಕ್ತ ಪರೀಕ್ಷೆಯ ಯಂತ್ರಕ್ಕೆ ಬೆರಳಿಟ್ಟಾಗ ದಾನಮ್ಮನಿಗೆ ಎಂದಿನಂತೆ ಕೆಂಪು ದೀಪ ಹತ್ತಿತು. ಅವಳ ರಕ್ತದಲ್ಲಿ ಹುಟ್ಟಿನಿಂದಲೇ ಗಂಡಸರಲ್ಲಿ ಹೆಚ್ಚಿರುವ ಟೆಸ್ಟೋಸ್ಟೆರಾನ್ ಹಾರ್ಮೋನು ಜಾಸ್ತಿ. ಹಸಿರು ದೀಪದ ಹುಡುಗಿಯರು ಕೂಡಿ ಓಡುತ್ತಾರೆ. ಕೆಂಪು ದೀಪದವರು ಸಂಜೆ ಒಬ್ಬೊಬ್ಬರಾಗಿ ಓಡಬೇಕು. ಸಮಯ ಬರೆದುಕೊಳ್ಳುತ್ತಾರೆ, ಪದಕ ಕೊಡುವುದಿಲ್ಲ. ಆ ಹೊತ್ತಿಗೆ ಜನ ಚಹಾಕ್ಕೆ ಎದ್ದು ಹೋಗುವುದು ವಿಜಯಪುರದಲ್ಲಿ ರೂಢಿ.

ನಾಲ್ಕು ವರ್ಷ ಹೀಗೆಯೇ ಓಡಿದ್ದ ದಾನಮ್ಮ ಅಂದೂ ಎಂಟುನೂರು ಮೀಟರ್ ಓಟಕ್ಕೆ ಗೆರೆಯ ಮೇಲೆ ನಿಂತಳು. ಬೆಳಿಗ್ಗೆ ಅದೇ ಓಟದಲ್ಲಿ ಚಿನ್ನ ಗೆದ್ದಿದ್ದ ಜುಬೇದಾ ಬಂದು ಪಕ್ಕದಲ್ಲಿ ನಿಂತಳು.

"ನೀ ಯಾಕ ಬಂದಿ?" ದಾನಮ್ಮ ಕೇಳಿದಳು.

"ನಿನ್ನ ಹೋದ ಸಲದ ಟೈಮೂ ನನ್ನ ಇವತ್ತಿನ ಟೈಮೂ ಒಂದ ಐತಿ. ಯಾರು ಮುಂದ ಅನ್ನೂದು ಗೊತ್ತಾಗಬೇಕಲ್ಲ?"

ನಿರ್ಣಾಯಕರು ಗಾಬರಿಯಾದರು. "ಏ ತಂಗಿ, ಕೆಂಪು ದೀಪದವರ ಜೋಡಿ ಓಡಿದ್ರ ನಿನ್ನ ಪದಕ ಹೋಗತೈತಿ."

ಜುಬೇದಾ ಕೊರಳಿನ ಪದಕ ತೆಗೆದು ಅವರ ಮೇಜಿನ ಮೇಲಿಟ್ಟಳು. "ಹೋಗಲಿ ಬಿಡ್ರಿ ಸರ್. ಸೀಟಿ ಊದ್ರಿ."

ಅವರು ಪದಕವನ್ನು ಮೇಜಿನ ಒಂದು ಬದಿಗೆ ಸರಿಸಿದರು. ಆಮೇಲೆ ಸೀಟಿ ಊದಿದರು.

ಮೊದಲ ಸುತ್ತಿನಲ್ಲಿ ದಾನಮ್ಮ ಮುಂದಿದ್ದಳು. ಬೆನ್ನ ಹಿಂದೆ ಇನ್ನೊಬ್ಬರ ಉಸಿರು ಕೇಳಿ ಅವಳಿಗೆ ಮೈ ಜುಮ್ಮೆಂದಿತು. ಚಹಾದ ಲೋಟ ಹಿಡಿದ ಜನ ಬೇಲಿಯ ಬಳಿ ಓಡಿ ಬಂದರು. ಕೊನೆಯ ತಿರುವಿನಲ್ಲಿ ಜುಬೇದಾ ಸರಿಸಮವಾದಳು, ಗೆರೆಯ ಹತ್ತಿರ ಒಂದು ಹೆಜ್ಜೆ ಮುಂದಾದಳು.

ಇಬ್ಬರೂ ಹುಲ್ಲಿನ ಮೇಲೆ ಕುಸಿದರು. ದಾನಮ್ಮನ ಕಣ್ಣಲ್ಲಿ ನೀರು ಕಂಡು ಜುಬೇದಾ ಅವಳ ಕೈ ಹಿಡಿದಳು. "ಅಳಬ್ಯಾಡ."

"ಅಳಾಕತ್ತಿಲ್ಲಲೇ," ದಾನಮ್ಮ ನಗುತ್ತ ಅಂದಳು. "ನಾಲ್ಕು ವರ್ಷ ಸೋಲಾಕೂ ನನಗ ಯಾರೂ ಇದ್ದಿದ್ದಿಲ್ಲ."