ಎದೆಯೊಳಗಿನ ಸಾಕ್ಷಿ

ಬಿಳಿ ರಕ್ತಕಣಗಳಿಗೆ ಬಾಯಿ ಬಂದ ಮೇಲೆ ಗದಗಿನಲ್ಲಿ ಯಾರ ಸುಳ್ಳೂ ನಡೆಯುತ್ತಿರಲಿಲ್ಲ. ಆದರೂ ಮದುವೆ ಬ್ಯಾಂಡಿನಲ್ಲಿ ಪೀಪಿ ಊದುವ ಫಕೀರಪ್ಪ ಪ್ರಯತ್ನ ಬಿಟ್ಟಿರಲಿಲ್ಲ.

ಕ್ಷಯದ ಮಾತ್ರೆ ನುಂಗುತ್ತಿದ್ದಾನೋ ಇಲ್ಲವೋ ಎಂದು ವಿಚಾರಿಸಲು ಆಶಾ ಕಾರ್ಯಕರ್ತೆ ನೀಲವ್ವ ಬಂದಾಗ, "ಒಂದ ದಿನಾನೂ ತಪ್ಪಿಸಿಲ್ರಿ ಅಕ್ಕಾರ," ಎಂದ.

"ಬರೇ ಸುಳ್ಳರೀ!" ಅವನ ಎದೆಯೊಳಗಿನ ಬಿಳಿ ಕಣಗಳು ಕೂಗಿಕೊಂಡವು. "ಕೆಮ್ಮು ನಿಂತ ಕೂಡ್ಲೆ ಗುಳಿಗಿ ಬಿಟ್ಟಾನ. ಕ್ಷಯದ ಕ್ರಿಮಿ ಸುತ್ತ ಗ್ವಾಡಿ ಕಟ್ಟಿ, ಕಾವಲ ನಿಂತು ನಮಗ ಸಾಕಾಗೇತಿ. ಇನ್ನ ಗ್ವಾಡಿ ತಡಿಯಂಗಿಲ್ಲ!"

"ಇವಕ್ಕ ಮೊದಲಿಂದ ನನ್ನ ಕಂಡ್ರ ಆಗಂಗಿಲ್ರಿ," ಎಂದು ಫಕೀರಪ್ಪ ನಕ್ಕ.

ಆಗ ಆ ಗೋಡೆಯೊಳಗಿಂದ ಬಲು ವಿನಯದ ಸಣ್ಣ ದನಿಯೊಂದು ಕೇಳಿಸಿತು: "ಫಕೀರಪ್ಪನವರು ಹೇಳೂದು ಖರೇ ಐತ್ರಿ ಅಕ್ಕಾರ. ಭಾಳ ಚಲೋ ಮನಷ್ಯಾರು. ಇನ್ನ ಗುಳಿಗಿ ಬ್ಯಾಡ್ರಿ."

ನೀಲವ್ವ ಚೀಲದಿಂದ ಮಾತ್ರೆ ತೆಗೆದಳು. ಫಕೀರಪ್ಪ ತೆಪ್ಪಗೆ ಅಂಗೈ ಚಾಚಿದ.