ಓಡದ ಮಗ್ಗಕ್ಕೆ ಪ್ರಶಸ್ತಿ

ಉಳಿಸಿದ ಕರೆಂಟಿಗೆ ಸರ್ಕಾರ ಸಬ್ಸಿಡಿ ಕೊಡತೊಡಗಿದ ಮೇಲೆ ಬನಹಟ್ಟಿಯ ಮಗ್ಗಗಳೆಲ್ಲ ನಿಂತಲ್ಲೇ ಲಾಭ ತರುತ್ತಿದ್ದವು. ಹೆಚ್ಚು ಕರೆಂಟು ಕುಡಿಯುವ ಮಗ್ಗ ನಿಂತರೆ ಉಳಿತಾಯವೂ ಹೆಚ್ಚೆಂದು ಮಾಲೀಕರು ದೊಡ್ಡ ದೊಡ್ಡ ಮೋಟಾರು ಹಾಕಿಸಿದ್ದರು. ದಾನಮ್ಮ ಮಾತ್ರ ಮಗಳ ಮದುವೆ ಸೀರೆಯನ್ನು ಕೈಮಗ್ಗದಲ್ಲಿ ನೇಯುತ್ತಿದ್ದಳು. ಸೆರಗೊಂದು ಬಾಕಿಯಿರುವಾಗ ಉಳಿತಾಯದ ಲೆಕ್ಕ ಬರೆದುಕೊಳ್ಳುವ ಸರ್ಕಾರಿ ಇನ್‌ಸ್ಪೆಕ್ಟರು ಬಂದರು.

“ಇದು ಎಷ್ಟು ಕರೆಂಟ್ ಉಳಸ್ತೈತಿ, ಯವ್ವಾ?”

“ಇದಕ್ಕ ಕರೆಂಟೇ ಬ್ಯಾಡ್ರಿ, ಸಾಹೇಬ್ರ.”

“ಬ್ಯಾಡಂದ್ರ ಉಳಸೂದು ಹ್ಯಾಂಗ?” ಎಂದು ಅವರು ಮರುಕದಿಂದಲೇ ಮಗ್ಗಕ್ಕೆ ಸೀಲು ಹಾಕಿದರು. “ಮೊದಲ ಒಂದು ಮೋಟಾರ್ ಕೂಡಸ್ರಿ. ಆಮ್ಯಾಲೆ ಬಂದ್ ಇಡ್ರಿ.”

ದಾನಮ್ಮ ಹಾಗೇ ಮಾಡಿದಳು. ಮಗಳು ಹಳೆಯ ಸೀರೆಯಲ್ಲೇ ಧಾರೆಗೆ ನಿಂತಳು. ಅದೇ ವಾರ ದಾನಮ್ಮನಿಗೆ ಅತ್ಯುತ್ತಮ ನೇಕಾರ ಪ್ರಶಸ್ತಿ ಬಂತು. ಹೊರರಾಜ್ಯದಿಂದ ತರಿಸಿದ ಶಾಲು ಹೊದಿಸಿದರು. ಅವಳು ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, “ನೇಯ್ಗಿ ಸಡ್ಲ ಐತಿ” ಎಂದಳು.