ಚೀಲದ ಸದ್ದು

ಆ ಬೆಳಿಗ್ಗೆ ಚಾಚಿದ ಕೈಯ ಬೆರಳೂ ಕಾಣದಂಥ ಮಂಜು. ಅಪ್ಪ ಸೈಕಲ್ ತುಳಿಯುತ್ತಿದ್ದ. ಮುಂದಿನ ಕಂಬಿಯ ಮೇಲೆ ಮಗಳು. ರಾತ್ರಿಯಿಂದ ಅವಳ ಉಸಿರು ಹಳೆಯ ತಿದಿಯಂತೆ ಎಳೆಯುತ್ತಿತ್ತು. ಆಸ್ಪತ್ರೆ ಗುಡ್ಡದಾಚೆ, ದೂರ. ಅವಸರದಲ್ಲಿ ಬರಿಗೈಯಲ್ಲಿ ಹೊರಟುಬಿಟ್ಟಿದ್ದ.

ಊರಾಚೆಯ ತಿರುವು ಬಂತೆನ್ನುವಾಗ ರಸ್ತೆಯ ಅಂಚಿಗೆ ಸರಿದ. ಮಂಜಿನಲ್ಲಿ ಅಂಚು ಯಾವುದು, ನಡು ಯಾವುದು? ಮುಂದಿನ ಚಕ್ರ ಬುಸ್ಸೆಂದಿತು.

ಅಲ್ಲೇ ಒಬ್ಬ ಮುದುಕ ನೆಲಕ್ಕೆ ಬಾಗಿ ಕೈಯಾಡಿಸುತ್ತಿದ್ದ. ಇವರನ್ನು ಕಂಡದ್ದೇ ಮುಷ್ಟಿಯಲ್ಲಿದ್ದುದನ್ನು ಚೀಲಕ್ಕೆ ಸುರಿದು ಎದ್ದ. ಚೀಲ ಝಣಗುಟ್ಟಿತು. ಪಕ್ಕದಲ್ಲಿ ಅವನ ಸೈಕಲ್ಲು, ಅದಕ್ಕೊಂದು ಪಂಪು.

ನಾಯಿಯೂ ಮನೆ ಬಿಡದ ಹೊತ್ತು. ಇವನಿಗೆ ಇಲ್ಲೇನು ಕೆಲಸ?

ಮಗುವನ್ನು ತನ್ನ ಸೈಕಲ್ಲಿಗೆ ಕೂರಿಸಿದರೆ ಆಸ್ಪತ್ರೆಗೆ ಮುಟ್ಟಿಸುವುದಾಗಿ ಮುದುಕ ಹೇಳಿದ. ಅಪ್ಪ ಮಗಳನ್ನು ಎದೆಗವಚಿಕೊಂಡು, ಪಂಪೊಂದು ಕೊಟ್ಟರೆ ಸಾಕು ಎಂದ.

ಮನೆಯ ಬೀಗದ ಕೈಯಿಂದಲೇ ಟೈರು ಎಬ್ಬಿಸಿದ. ಟ್ಯೂಬನ್ನು ತೂತಿದ್ದಲ್ಲಿ ಚಿವುಟಿ, ಮಗಳ ಜಡೆಯ ರಿಬ್ಬನ್ನಿನಿಂದ ಬಿಗಿದು, ಗಾಳಿ ಹೊಡೆದ. ಉದುರಿದ ಮೊಳೆಯತ್ತ ತಿರುಗಿಯೂ ನೋಡಲಿಲ್ಲ. ಮುದುಕ ಅದನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡ.

“ಕೈ ಪಳಗಿದೆ ಕಣೋ ತಮ್ಮಾ.”

ಅಪ್ಪ ಮಗಳನ್ನು ಕಂಬಿಗೇರಿಸಿ ಪೆಡಲ್ ಮೆಟ್ಟಿದ.

ಏರಿನ ನಡುವೆ ಹಿಂದಿನ ಚಕ್ರವೂ ಕೂತಿತು. ಹಿಂದೆಯೇ ಚೀಲದ ಸದ್ದು. ಮುದುಕ ಬೆನ್ನು ಬಿಟ್ಟಿರಲಿಲ್ಲ. ಈ ಸಲ ಟ್ಯೂಬ್ ಉದ್ದಕ್ಕೆ ಸೀಳಿತ್ತು. ಅಪ್ಪ ಹುಲ್ಲು ಕಿತ್ತು ಕಿತ್ತು ಟೈರಿನೊಳಗೆ ತುರುಕತೊಡಗಿದ. ಮಗಳ ತುಟಿ ನೀಲಿಗಟ್ಟುತ್ತಿತ್ತು. ಮುದುಕ ಕೈ ನೀಡಿದ. ದೇವರ ಮೇಲೆ ಭಾರ ಹಾಕಿ ಅಪ್ಪ ಮಗಳನ್ನು ಕೊಟ್ಟ. ಮಂಜು ಅವರಿಬ್ಬರನ್ನೂ ನುಂಗಿತು.

ಹುಲ್ಲಿನ ಚಕ್ರದ ಮೇಲೆ ಕುಂಟುತ್ತ ಅವನು ಆಸ್ಪತ್ರೆ ಮುಟ್ಟಿದಾಗ, ಮುದುಕ ಬಾಗಿಲ ಬಳಿಯ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಅಪ್ಪನ ಕಣ್ಣು ಮಗಳನ್ನು ಹುಡುಕಿತು.

“ಉಸಿರಾಡ್ತಿದಾಳೆ. ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತಂತೆ.”

ಅಪ್ಪ ಗೋಡೆಗೊರಗಿ ಕೂತ. ಮುದುಕ ಎದ್ದು ಬಂದು ಚೀಲವನ್ನು ಮೆಲ್ಲಗೆ ಅವನ ಮಡಿಲಿಗಿಟ್ಟ.

“ನಿಂದೇ, ತಗೋ ತಮ್ಮಾ. ನಿನ್ನ ಪಂಕ್ಚರ್ ಅಂಗಡಿಗೆ ಗಿರಾಕಿ ಬರ್ಲಿ ಅಂತ ಆ ತಿರುವಲ್ಲಿ ನೀನು ಚೆಲ್ಲೋ ಮೊಳೆ. ದಿನಾ ಬೆಳಿಗ್ಗೆ ಒಂದೂ ಬಿಡದೆ ಆರಿಸ್ತಿದ್ದೆ. ಇವತ್ತು ಮಂಜು ನೋಡು, ಎರಡು ಕೈತಪ್ಪಿ ಹೋದ್ವು. ತಪ್ಪಾಯ್ತು.”